ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಕನ್ನಡದಲ್ಲಿ ಆಟವನ್ನು ಕುರಿತು ಹುಟ್ಟಿಕೊಂಡ ಮಾತುಗಳಲ್ಲಿ ಹೆಚ್ಚಿನವು ಆಟಕ್ಕೆ ಗೌರವ ತರುವಂಥವಲ್ಲ. ಹುಡುಗಾಟ, ಚೆಲ್ಲಾಟ, ದೊಂಬರಾಟ – ಒಂದೊಂದರ ಹಿಂದೆಯೂ ಹಿರಿಯರ ಹುಬ್ಬುಗಂಟು ಕಾಣುತ್ತದೆ. ಇವುಗಳಿಗೆಲ್ಲ ಕಲಶವಿಟ್ಟಂತಿರುವುದು 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂಬ ಗಾದೆ. ಬೀದಿಯಲ್ಲಿ ದೊಡ್ಡ ಮಕ್ಕಳು ಆಡುವಾಗ ಮನೆಯವರ ಬಲವಂತಕ್ಕೆ ಪುಟ್ಟ ತಮ್ಮನನ್ನೋ ತಂಗಿಯನ್ನೋ ಸೇರಿಸಿಕೊಳ್ಳಬೇಕಾಗಿ ಬಂದರೆ ಅವರು ಕಂಡುಕೊಳ್ಳುವ ಉಪಾಯ ಇದು. ಆ ಮಗು ಓಡಬಹುದು, ಕೂಗಬಹುದು, ಮೈಯೆಲ್ಲ ಮಣ್ಣು ಮಾಡಿಕೊಳ್ಳಬಹುದು. ಅದು ಗೆದ್ದರೆ ಗೆಲುವಲ್ಲ, ಸೋತರೆ ಸೋಲಲ್ಲ. ಮೇಲುನೋಟಕ್ಕೆ ಇದು ಕರುಣೆ. ಒಳಗೆ ನೋಡಿದರೆ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಆ ಮಗುವಿಗೂ ಅದು ಬಹುಬೇಗ ತಿಳಿದುಹೋಗುತ್ತದೆ.

ನಮ್ಮ ಕಾಲೇಜುಗಳಲ್ಲಿ ಆಟ ಕಲಿಸುವ ಅಧ್ಯಾಪಕರ ಸ್ಥಿತಿಯೂ ಬಹುಮಟ್ಟಿಗೆ ಹೀಗೆಯೇ. ಸಿಬ್ಬಂದಿಯ ಪಟ್ಟಿಯಲ್ಲಿ ಅವರ ಹೆಸರುಂಟು. ವಾರ್ಷಿಕೋತ್ಸವದ ಪಂಕ್ತಿಯಲ್ಲಿ ಅವರಿಗೊಂದು ಕುರ್ಚಿಯೂ ಉಂಟು. ಆದರೆ ವಿದ್ಯೆಯ ಮಾತು ಬಂದಾಗ ಅವರನ್ನು ಯಾರೂ ಕೇಳುವುದಿಲ್ಲ. ಮೆರವಣಿಗೆ ಇದ್ದರೆ ಸಾಲು ನಿಲ್ಲಿಸುವುದಕ್ಕೆ, ಗದ್ದಲವೆದ್ದರೆ ಶಿಳ್ಳೆ ಊದುವುದಕ್ಕೆ ಅವರು ಬೇಕು. ಪರೀಕ್ಷೆ ಹತ್ತಿರ ಬಂದರೆ ಮೊದಲು ಬಲಿಯಾಗುವುದು ಅವರ ಪಿರಿಯಡ್ಡು. ಸಾಹಿತ್ಯವನ್ನು ಪಾಠ ಹೇಳಿ ಬದುಕುವ ನನ್ನಂಥವನು ಕಾಲ್ಚೆಂಡಾಟದ ಶಿಕ್ಷಕರೊಬ್ಬರ ಜೀವನವನ್ನು ಕುರಿತು ಬರೆಯಹೊರಟರೆ, 'ಇವನಿಗೇಕೆ ಈ ಉಸಾಬರಿ?' ಎಂದು ಕೆಲವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಕಲಿಸುವುದೆಂದರೆ ಏನು, ಕಲಿಸುವುದರಲ್ಲಿ ಯಶಸ್ಸೆಂದರೆ ಏನು ಎಂಬ ಪ್ರಶ್ನೆಗಳು ನನ್ನ ಕಸುಬಿನವೂ ಹೌದು. ಅವಕ್ಕೆ ನಾನು ಓದಿದ ಉತ್ತರಗಳಲ್ಲಿ ಬಹಳ ಸ್ವಾರಸ್ಯವಾದದ್ದು, ಬಹಳ ತೊಡಕಿನದೂ ಆದದ್ದು, ಅಮೆರಿಕದ ಒಂದು ಆಟದ ಬಯಲಿನಿಂದ ಬಂದಿದೆ.

ಆ ಶಿಕ್ಷಕರ ಹೆಸರು ಆನ್ಸನ್ ಡಾರೆನ್ಸ್. ಹುಟ್ಟಿದ್ದು 1951ರಲ್ಲಿ, ನಮ್ಮ ಬೊಂಬಾಯಿಯಲ್ಲಿ. ತಂದೆ ತೈಲೋದ್ಯಮದಲ್ಲಿ ದೊಡ್ಡ ಅಧಿಕಾರಿ. ಆ ಉದ್ಯೋಗದ ಹಿಂದೆ ಸಂಸಾರವೂ ದೇಶದಿಂದ ದೇಶಕ್ಕೆ ತಿರುಗಿತು. ಇಥಿಯೋಪಿಯ, ಕೀನ್ಯ, ಸಿಂಗಪುರ, ಬೆಲ್ಜಿಯಂ, ಸ್ವಿಟ್ಜರ್ಲೆಂಡ್ – ಹುಡುಗ ಬೆಳೆದದ್ದು ಇಂಥ ಕಡೆಗಳಲ್ಲಿ. ಎಲ್ಲಿಗೆ ಹೋದರೂ ಭಾಷೆ ಬೇರೆ, ಜನ ಬೇರೆ. ಎಲ್ಲ ಕಡೆಯೂ ಇದ್ದದ್ದು ಕಾಲ್ಚೆಂಡು ಒಂದೇ. ಅವರ ಸ್ವದೇಶದಲ್ಲಿ ಮಾತ್ರ ಅದಕ್ಕೆ ಹೆಚ್ಚಿನ ಮರ್ಯಾದೆ ಇರಲಿಲ್ಲ. ಫುಟ್‌ಬಾಲ್ ಎಂದು ಅಮೆರಿಕದವರು ಕರೆಯುವುದು ಬೇರೆಯೇ ಒಂದು ಆಟವನ್ನು. ನಮ್ಮ ಕಾಲ್ಚೆಂಡಾಟಕ್ಕೆ ಅವರು ಇಟ್ಟ ಹೆಸರು ಸಾಕರ್. ಡಾರೆನ್ಸ್ ಅವರು ಚಾಪೆಲ್ ಹಿಲ್ ಎಂಬ ಊರಿನಲ್ಲಿರುವ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಓದಿ, 1974ರಲ್ಲಿ ಪದವಿ ಪಡೆದರು. ಓದಿದ ವಿಷಯಗಳು ಇಂಗ್ಲಿಷ್ ಸಾಹಿತ್ಯ ಮತ್ತು ತತ್ತ್ವಶಾಸ್ತ್ರ. ಸಾಹಿತ್ಯದ ವಿದ್ಯಾರ್ಥಿಗಳು ಈ ವಿವರವನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ಇದರ ಪ್ರಯೋಜನವಿದೆ.

1977ರಲ್ಲಿ, ಕಾನೂನು ಓದುತ್ತಿದ್ದ ಅವರ ಕೈಗೆ ವಿಶ್ವವಿದ್ಯಾಲಯದ ಹುಡುಗರ ತಂಡವನ್ನು ಒಪ್ಪಿಸಲಾಯಿತು. ಅವರು ವಕೀಲರಾಗಲಿಲ್ಲ. ಎರಡು ವರ್ಷಗಳ ಮೇಲೆ, 1979ರಲ್ಲಿ, ಇನ್ನೊಂದು ಹೊಣೆ ಬಂದಿತು. ಹೆಣ್ಣುಮಕ್ಕಳು ಕೆಲವರು ತಾವೇ ಸೇರಿಕೊಂಡು ಕಾಲ್ಚೆಂಡಾಡುತ್ತಿದ್ದರು. ತಮ್ಮನ್ನೂ ವಿಶ್ವವಿದ್ಯಾಲಯದ ಅಧಿಕೃತ ತಂಡವೆಂದು ಮಾನ್ಯ ಮಾಡಬೇಕೆಂದು ಬೇಡಿಕೆಯಿಟ್ಟರು. ಸರ್ಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಗಂಡು ಹೆಣ್ಣೆಂದು ಭೇದ ಮಾಡಕೂಡದೆಂಬ ಕಾನೂನು ಅಮೆರಿಕದಲ್ಲಿ 1972ರಲ್ಲಿಯೇ ಬಂದಿತ್ತು. ಕಾನೂನು ಬಂದ ಮಾತ್ರಕ್ಕೆ ಮನಸ್ಸು ಬರುತ್ತದೆಯೆ? ಎಷ್ಟೋ ಕಡೆ ಹುಡುಗಿಯರ ಆಟ 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂಬ ಸ್ಥಿತಿಯಲ್ಲಿಯೇ ಇದ್ದಿತು. ಕ್ರೀಡಾವಿಭಾಗದ ಮುಖ್ಯಸ್ಥರು ಈ ಹುಡುಗಿಯರ ಆಟವನ್ನು ನೋಡಿ ಅಭಿಪ್ರಾಯ ಹೇಳಲು ಡಾರೆನ್ಸ್ ಅವರನ್ನು ಕೇಳಿದರು. ತಂಡಕ್ಕೆ ಮಾನ್ಯತೆ ದೊರೆಯಿತು; ನೋಡಲು ಹೋದವರೇ ಅದರ ಗುರುಗಳೂ ಆದರು. 1988ರ ತನಕ ಅವರು ಎರಡು ತಂಡಗಳನ್ನೂ ಒಟ್ಟಿಗೆ ನಡೆಸಿದರು. 1987ರಲ್ಲಿ ಹುಡುಗರ ತಂಡವೂ ರಾಷ್ಟ್ರೀಯ ಪಂದ್ಯಾವಳಿಯ ಉಪಾಂತ್ಯವನ್ನು ಮುಟ್ಟಿತು. ಅನಂತರ ಅವರು ಹುಡುಗಿಯರ ತಂಡಕ್ಕೇ ತಮ್ಮನ್ನು ಕೊಟ್ಟುಕೊಂಡರು.

ಮುಂದೆ ನಡೆದದ್ದನ್ನು ಅಂಕಿಗಳಲ್ಲಿ ಹೇಳುವುದು ಸುಲಭ. 1979ರಿಂದ 2023ರ ತನಕ 45 ಋತುಗಳು. 934 ಗೆಲುವು, 88 ಸೋಲು, 53 ಸಮ. 1981ರಲ್ಲಿ ಮಹಿಳಾ ಕಾಲೇಜು ಕ್ರೀಡಾ ಸಂಘದ ರಾಷ್ಟ್ರಪ್ರಶಸ್ತಿ. ಎನ್.ಸಿ.ಎ.ಎ. ಎಂಬ ದೊಡ್ಡ ಸಂಸ್ಥೆ 1982ರಲ್ಲಿ ಹೆಣ್ಣುಮಕ್ಕಳ ಕಾಲ್ಚೆಂಡಿಗೂ ಪಂದ್ಯಾವಳಿ ಏರ್ಪಡಿಸಲು ತೊಡಗಿದ ಮೇಲೆ, 1982ರಿಂದ 1994ರವರೆಗಿನ 13 ವರ್ಷಗಳಲ್ಲಿ 12 ಸಲ ಪ್ರಶಸ್ತಿ. 1986ರಿಂದ 1994ರವರೆಗೆ ಎಡೆಬಿಡದೆ 9 ಸಲ. 2012ರಲ್ಲಿ ಗೆದ್ದದ್ದೂ ಸೇರಿ ಒಟ್ಟು 22 ರಾಷ್ಟ್ರಪ್ರಶಸ್ತಿಗಳು. ಒಂದು ಅವಧಿಯಲ್ಲಿ ಸತತವಾಗಿ 103 ಪಂದ್ಯಗಳಲ್ಲಿ ಈ ತಂಡವನ್ನು ಸೋಲಿಸಿದವರೇ ಇರಲಿಲ್ಲ. 1990ರಲ್ಲಿ ಕನೆಕ್ಟಿಕಟ್ ತಂಡ ಆ ಓಟವನ್ನು ತಡೆಯಿತು. ನಾಲ್ಕು ವರ್ಷ ಓದಿ ಹೊರಟುಹೋಗುವ ವಿದ್ಯಾರ್ಥಿಗಳನ್ನು ಇಟ್ಟುಕೊಂಡು, ಪ್ರತಿ ವರ್ಷವೂ ಮನೆಯ ನಾಲ್ಕರಲ್ಲೊಂದು ಗೋಡೆಯನ್ನು ಕೆಡವಿ ಕಟ್ಟುತ್ತ, ಕಟ್ಟಡವನ್ನು ಬೀಳದಂತೆ ನಿಲ್ಲಿಸಿದ ಕೌಶಲ ಇದು ಎಂಬುದನ್ನು ಕಾಲೇಜಿನಲ್ಲಿ ಪಾಠ ಹೇಳುವವರು ಬೇಗ ಗ್ರಹಿಸಬಲ್ಲರು.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ಮೊದಮೊದಲು ಹೆಣ್ಣುಮಕ್ಕಳ ತಂಡವನ್ನು ಕಟ್ಟಿದ ವಿಶ್ವವಿದ್ಯಾಲಯಗಳೇ ಕೆಲವು; ಬಯಲು ಬರಿದಾಗಿದ್ದಾಗ ಮೊದಲು ಉತ್ತವನಿಗೆ ಬೆಳೆ ಹುಲುಸಾಗಿ ಬಂದುದರಲ್ಲಿ ಏನು ಹೆಚ್ಚಳ ಎಂದು ಕೇಳುವವರುಂಟು. ಮಾತು ಸುಳ್ಳಲ್ಲ. ಆದರೆ ಬಯಲು ಎಲ್ಲರಿಗೂ ಬರಿದಾಗಿಯೇ ಇದ್ದಿತು. ಉಳಿದವರು ಅದನ್ನು ಬಂಜರೆಂದು ಬಿಟ್ಟಿದ್ದರು. ಇವರು ನೆಲವೆಂದು ಕಂಡರು. ಲೋಕವು ಲೆಕ್ಕಕ್ಕಿಲ್ಲವೆಂದು ಬದಿಗೆ ಸರಿಸಿದ್ದನ್ನು ಒಬ್ಬನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಬಹುಶಃ ಗುರುತ್ವದ ಮೊದಲ ಲಕ್ಷಣ. ಕಾಲ ಸರಿದಂತೆ ನೂರಾರು ಕಾಲೇಜುಗಳು ತಂಡಗಳನ್ನು ಕಟ್ಟಿದವು, ಸ್ಪರ್ಧೆ ಬಿರುಸಾಯಿತು. ಆಗಲೂ 1996ರಿಂದ 2012ರೊಳಗೆ ಇವರು 9 ಪ್ರಶಸ್ತಿಗಳನ್ನು ಗೆದ್ದರು. ಬರಿಯ ಮುಂಗಡದಿಂದ ಇದು ಆಗುವ ಮಾತಲ್ಲ.

ಹಾಗಾದರೆ ಅವರ ಉಪಾಯವೇನು? ಅದೇ ವಿಶ್ವವಿದ್ಯಾಲಯದಲ್ಲಿ ಬಾಸ್ಕೆಟ್‌ಬಾಲ್ ಕಲಿಸುತ್ತಿದ್ದ ಡೀನ್ ಸ್ಮಿತ್ ಎಂಬವರು ಆ ದೇಶದಲ್ಲಿ ಮನೆಮಾತಾಗಿದ್ದ ಹಿರಿಯರು. ಅವರ ಅಭ್ಯಾಸವನ್ನು ನೋಡಲು ಹೋದ ಡಾರೆನ್ಸ್ ಅವರಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು: ಅಲ್ಲಿ ಪಂದ್ಯದ ದಿನವಷ್ಟೇ ಅಲ್ಲ, ದಿನನಿತ್ಯದ ಅಭ್ಯಾಸದಲ್ಲಿಯೂ ಒಬ್ಬೊಬ್ಬ ಆಟಗಾರನು ಮಾಡಿದ್ದೆಲ್ಲವನ್ನೂ ಬರೆದಿಡುತ್ತಿದ್ದರು. ಇವರು ಅದನ್ನು ಕಾಲ್ಚೆಂಡಿಗೆ ತಂದರು. ಒಬ್ಬಳಿಗೆ ಒಬ್ಬಳು ಎದುರಾಗಿ ಚೆಂಡಿಗಾಗಿ ಸೆಣಸುವುದು, ಓಟ, ತಲೆಯಿಂದ ಚೆಂಡು ಹೊಡೆಯುವುದು, ಗೋಲಿಗೆ ಗುರಿಯಿಡುವುದು – ಪ್ರತಿಯೊಂದಕ್ಕೂ ಗೆಲುವು ಸೋಲುಗಳ ಲೆಕ್ಕವಿತ್ತು. ಅದನ್ನೆಲ್ಲ ಕೂಡಿಸಿ, ಯಾರು ಮೊದಲು ಯಾರು ಕೊನೆ ಎಂದು ಪಟ್ಟಿ ಮಾಡಿ ಎಲ್ಲರೂ ಕಾಣುವಂತೆ ಹಾಕುತ್ತಿದ್ದರು. ಈ ವ್ಯವಸ್ಥೆಗೆ ಅವರು ಕೊಟ್ಟ ಹೆಸರನ್ನು 'ಸ್ಪರ್ಧೆಯ ಕೊಪ್ಪರಿಗೆ' ಎಂದು ಕನ್ನಡಿಸಬಹುದು. ಕೊಪ್ಪರಿಗೆಯಲ್ಲಿ ಕುದಿದದ್ದು ಗಟ್ಟಿಯಾಗುತ್ತದೆ; ಕುದಿಯುವಾಗ ಸುಡುವುದೂ ನಿಜ.

ಇದನ್ನು ಓದಿದಾಗ ನನ್ನ ಮನಸ್ಸು ಎರಡಾಯಿತು. ಕಲಿಯುವವರನ್ನು ಹೀಗೆ ಸಾಲಾಗಿ ನಿಲ್ಲಿಸಿ ಅಳೆಯುವುದು ಸಾಹಿತ್ಯದ ಅಧ್ಯಾಪಕನಿಗೆ ಸಹಜವಾಗಿ ಒಗ್ಗುವುದಿಲ್ಲ. ಆದರೆ ನಾವು ಅಳೆಯುವುದಿಲ್ಲವೆ? ವರ್ಷಕ್ಕೆ ಒಂದೆರಡು ಸಲ, ಮೂರು ಗಂಟೆಗಳ ಕಾಲ ಬರೆದ ಹಾಳೆಗಳನ್ನು ನೋಡಿ, ಬರೆದವರ ಮುಖವನ್ನು ಕಾಣದೆ, ಒಂದು ಅಂಕಿಯನ್ನು ಹಾಕುತ್ತೇವೆ. ಆ ಅಂಕಿ ಬಂದಾಗ ತಿದ್ದಿಕೊಳ್ಳುವ ಕಾಲ ಮೀರಿರುತ್ತದೆ. ಡಾರೆನ್ಸ್ ಅವರ ಲೆಕ್ಕ ದಿನದ ಲೆಕ್ಕ. ಇವತ್ತು ಸೋತವಳಿಗೆ ನಾಳೆಯ ಅಭ್ಯಾಸ ಕಾದಿದೆ. ಅದು ತೀರ್ಪಿಗಿಂತ ಹೆಚ್ಚಾಗಿ ಕನ್ನಡಿ. ಇನ್ನೂ ಒಂದು ಮಾತು. ಹುಡುಗಿಯರು ಗೆಳತಿಯರೊಡನೆ ಹೋರಾಡುವುದಕ್ಕೆ ಹಿಂಜರಿಯುವಂತೆ ಸಮಾಜವು ಅವರನ್ನು ಬೆಳೆಸುತ್ತದೆ, ಗೆಲ್ಲಬೇಕೆಂಬ ಆಸೆಯನ್ನು ಬಿಚ್ಚಿ ತೋರಿಸುವುದು ಹೆಣ್ಣಿಗೆ ಒಪ್ಪುವುದಿಲ್ಲವೆಂದು ಕಲಿಸುತ್ತದೆ ಎಂಬುದನ್ನು ಅವರು ಗಮನಿಸಿದ್ದರು. ಆ ಬಯಲಿನಲ್ಲಿ ಗೆಲ್ಲುವ ಆಸೆಯನ್ನು ಮುಚ್ಚಿಡಬೇಕಾಗಿರಲಿಲ್ಲ. 'ನೀನು ಗೆದ್ದದ್ದು ಲೆಕ್ಕಕ್ಕುಂಟು' ಎಂದು ಬರೆದು ತೋರಿಸಿದ ಪಟ್ಟಿ ಅದು. ಎಷ್ಟು ಹುಡುಗಿಯರಿಗೆ ನಮ್ಮ ಲೋಕ ಆ ಮಾತನ್ನು ಹೇಳುತ್ತದೆ?

ಹುಡುಗರಿಗೂ ಹುಡುಗಿಯರಿಗೂ ಒಟ್ಟಿಗೆ ಹತ್ತು ವರ್ಷ ಕಲಿಸಿದ ಅನುಭವದಿಂದ ಅವರು ಮತ್ತೊಂದು ವಿಚಾರವನ್ನು ಹೇಳುತ್ತಿದ್ದರು. ಇಡೀ ತಂಡವನ್ನು ಉದ್ದೇಶಿಸಿ 'ನೀವು ಸರಿಯಾಗಿ ಓಡಲಿಲ್ಲ' ಎಂದರೆ, ಪ್ರತಿಯೊಬ್ಬ ಹುಡುಗನೂ ಅದು ಪಕ್ಕದವನಿಗೆ ಹೇಳಿದ್ದೆಂದು ಭಾವಿಸುತ್ತಾನೆ. ಪ್ರತಿಯೊಬ್ಬ ಹುಡುಗಿಯೂ ತನಗೇ ಹೇಳಿದ್ದೆಂದು ಕೊರಗುತ್ತಾಳೆ. ಆದ್ದರಿಂದ ಒಂದೇ ನಾಲಗೆಯಿಂದ ಇಬ್ಬರಿಗೂ ಪಾಠ ಹೇಳಲಾಗದು ಎಂಬುದು ಅವರ ತೀರ್ಮಾನ. ಇಂಥ ಸಾರಾಸಗಟು ಮಾತುಗಳನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ನನ್ನ ತರಗತಿಗಳಲ್ಲಿ ಬೈಗುಳವನ್ನು ಗಾಳಿಗೆ ತೂರುವ ಹುಡುಗಿಯರೂ ಇದ್ದಾರೆ. ಒಂದು ಕಡೆಗಣಿಸಿದ ನೋಟಕ್ಕೆ ವಾರಗಟ್ಟಲೆ ಬಾಡುವ ಹುಡುಗರೂ ಇದ್ದಾರೆ. ಆದರೆ ಆ ಮಾತಿನ ತಿರುಳು ಗಟ್ಟಿಯಾದದ್ದು: ಗುರು ಆಡಿದ್ದು ಒಂದು, ಶಿಷ್ಯನ ಕಿವಿಗೆ ಬಿದ್ದದ್ದು ಮತ್ತೊಂದು, ಈ ಎರಡರ ನಡುವಿನ ಅಂತರವನ್ನು ಅಳೆಯದವನು ಎಷ್ಟೇ ಪಂಡಿತನಾದರೂ ಅಧ್ಯಾಪಕನಾಗಲಾರ.

ಸಾಹಿತ್ಯದ ಓದುಗರಿಗೆ ಪ್ರಿಯವಾಗುವ ಸಂಗತಿಗೆ ಈಗ ಬರುತ್ತೇನೆ. ಡಾರೆನ್ಸ್ ಅವರು ತಮ್ಮ ತಂಡಕ್ಕೆ ಕೆಲವು ನಡತೆಯ ಮೌಲ್ಯಗಳನ್ನು ಗೊತ್ತುಮಾಡಿದ್ದರು: ಗೊಣಗಕೂಡದು, ದುಡಿಯಬೇಕು, ಜೊತೆಯವರಿಗಾಗಿ ಆಡಬೇಕು, ಆಡುವ ಅವಕಾಶ ಸಿಕ್ಕದಿದ್ದಾಗಲೂ ಘನತೆಯಿಂದಿರಬೇಕು – ಹೀಗೆ. ನೀತಿಯ ಮಾತನ್ನು ಗೋಡೆಗೆ ಅಂಟಿಸುವವರು ಎಲ್ಲ ಕಡೆಯೂ ಇದ್ದಾರೆ. ಆದರೆ ಇವರು ಒಂದೊಂದು ಮೌಲ್ಯಕ್ಕೂ ಒಂದೊಂದು ಗದ್ಯಖಂಡವನ್ನೋ ಸೂಕ್ತಿಯನ್ನೋ ಜೋಡಿಸಿ, ಅದನ್ನು ಆಟಗಾರ್ತಿಯರು ಬಾಯಿಪಾಠ ಮಾಡಬೇಕೆಂದು ವಿಧಿಸಿದರು. ಗೊಣಗಕೂಡದೆಂಬ ಮೊದಲನೆಯದಕ್ಕೆ ಆಧಾರ ಬರ್ನಾರ್ಡ್ ಷಾ ಅವರ ಬರಹ! ಕಾಲ್ಚೆಂಡಾಡುವ ಹುಡುಗಿಯರು ಬೆವರೊರೆಸಿಕೊಳ್ಳುತ್ತ ಷಾ ಅವರ ವಾಕ್ಯಗಳನ್ನು ಒಪ್ಪಿಸುವ ಚಿತ್ರ ಯಾವ ಭಾಷೆಯ ಮೇಷ್ಟ್ರ ಎದೆಯನ್ನು ತಾನೆ ಅರಳಿಸುವುದಿಲ್ಲ? ಅಷ್ಟಕ್ಕೇ ನಿಲ್ಲದೆ, ಆ ಮೌಲ್ಯಗಳಿಗೆ ಯಾರು ಎಷ್ಟು ನಡೆದುಕೊಂಡರೆಂದು ಜೊತೆಯ ಆಟಗಾರ್ತಿಯರೇ ಒಬ್ಬರಿಗೊಬ್ಬರು ಬೆಲೆ ಕಟ್ಟುವ ಏರ್ಪಾಡೂ ಇದ್ದಿತು. ಬಾಯಿಪಾಠವನ್ನು ಹಳೆಯ ಪದ್ಧತಿಯೆಂದು ನಾವು ಈಚೆಗೆ ಹಳಿಯುತ್ತೇವೆ. ಗಮಕದ ನಾಡಿನವರಾದ ನಮಗೆ ಒಂದು ವಿಷಯ ಗೊತ್ತಿರಬೇಕಾಗಿತ್ತು: ಕಂಠಸ್ಥವಾದ ಮಾತು ಅರ್ಥವಾಗುವುದು ಕಲಿತ ದಿನವಲ್ಲ, ಕಷ್ಟ ಬಂದ ದಿನ. ಇಂಗ್ಲಿಷ್ ಸಾಹಿತ್ಯವನ್ನೂ ತತ್ತ್ವಶಾಸ್ತ್ರವನ್ನೂ ಓದಿ ಆಟದ ಬಯಲಿಗೆ ಹೋದವರು ಆ ಓದನ್ನು ಹೊರಗೆ ಚಪ್ಪಲಿಯಂತೆ ಬಿಟ್ಟು ಹೋಗಲಿಲ್ಲ, ಜೊತೆಗೆ ಕೊಂಡೊಯ್ದರು. ಸಾಹಿತ್ಯ ಓದಿದವರಿಗೆ ಮುಂದೆ ಏನು ದಾರಿ ಎಂದು ನನ್ನನ್ನು ಕೇಳುವ ತಂದೆತಾಯಿಗಳಿಗೆ ಈ ಉದಾಹರಣೆಯನ್ನು ಧೈರ್ಯವಾಗಿ ಕೊಡಬಹುದೆಂದು ತೋರುತ್ತದೆ.

ಕಾಲೇಜಿನ ಆಚೆಗೂ ಅವರ ಕೆಲಸ ಹಬ್ಬಿತು. 1986ರಿಂದ 1994ರವರೆಗೆ ಅವರು ಅಮೆರಿಕದ ಮಹಿಳಾ ರಾಷ್ಟ್ರೀಯ ತಂಡಕ್ಕೂ ಶಿಕ್ಷಕರಾಗಿದ್ದರು. ಹೆಂಗಸರ ಮೊದಲ ವಿಶ್ವಕಪ್ ಪಂದ್ಯಾವಳಿ 1991ರಲ್ಲಿ ಚೀನಾದಲ್ಲಿ ನಡೆಯಿತು. ಗ್ವಾಂಗ್‌ಜೌ ನಗರದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ನಾರ್ವೆಯನ್ನು 2–1ರಿಂದ ಸೋಲಿಸಿ ಅಮೆರಿಕ ಗೆದ್ದಿತು. ಆ ಪಂದ್ಯಾವಳಿಯಲ್ಲಿ ಪಂದ್ಯಕ್ಕೆ 90 ನಿಮಿಷಗಳ ಬದಲು 80 ನಿಮಿಷಗಳನ್ನೇ ಇಟ್ಟಿದ್ದರು ಎಂಬುದನ್ನು ನೆನೆದರೆ, ಹೆಣ್ಣಿನ ಕಸುವನ್ನು ಕುರಿತು ಆಟವನ್ನು ಆಳುವವರಿಗೇ ಇದ್ದ ಅಳುಕು ತಿಳಿಯುತ್ತದೆ. ವಿಜೇತ ತಂಡದ ನಾಯಕಿ ಏಪ್ರಿಲ್ ಹೈನ್ರಿಕ್ಸ್ ಅವರು ಚಾಪೆಲ್ ಹಿಲ್‌ನಲ್ಲಿ ಡಾರೆನ್ಸ್ ಅವರ ಕೈಯಲ್ಲಿ ಕಲಿತವರು. ಮುಂದೆ ತಾವೇ ರಾಷ್ಟ್ರೀಯ ತಂಡಕ್ಕೆ ಶಿಕ್ಷಕಿಯಾಗಿ 2004ರ ಒಲಿಂಪಿಕ್ ಚಿನ್ನವನ್ನು ಗೆದ್ದುಕೊಟ್ಟರು. ಇನ್ನೊಬ್ಬ ಶಿಷ್ಯೆ ಸಿಂಡಿ ಪಾರ್ಲೋ ಕೋನ್ ಅವರು 2020ರಲ್ಲಿ ಇಡೀ ಅಮೆರಿಕದ ಕಾಲ್ಚೆಂಡು ಒಕ್ಕೂಟದ ಅಧ್ಯಕ್ಷೆಯಾದರು. ಪಂದ್ಯ ಗೆದ್ದ ಕಪ್ಪುಗಳು ಕಪಾಟಿನಲ್ಲಿ ಕಪ್ಪಗಾಗುತ್ತವೆ. ಶಿಷ್ಯರು ಗುರುಗಳಾಗುವುದು ಬೇರೆ ಬಗೆಯ ಗೆಲುವು.

ಶಿಷ್ಯೆಯರಲ್ಲಿ ಜಗತ್ಪ್ರಸಿದ್ಧರಾದವರು ಮಿಯಾ ಹ್ಯಾಮ್. ಹದಿನೈದು ವರ್ಷದ ಹುಡುಗಿಯಾಗಿದ್ದಾಗಲೇ, 1987ರಲ್ಲಿ, ಡಾರೆನ್ಸ್ ಅವರು ಆಕೆಯನ್ನು ರಾಷ್ಟ್ರೀಯ ತಂಡದಲ್ಲಿ ಆಡಿಸಿದರು. ಆಕೆ ಕಾಲೇಜಿನಲ್ಲಿದ್ದಾಗ ನಡೆದ ಒಂದು ಸಣ್ಣ ಘಟನೆ ಅಲ್ಲಿ ಈಗ ಐತಿಹ್ಯವೇ ಆಗಿದೆ. ಒಂದು ಬೆಳಗ್ಗೆ ಕೆಲಸಕ್ಕೆ ಹೊರಟಿದ್ದ ಗುರುಗಳು ದಾರಿಯಲ್ಲಿ ನೋಡಿದಾಗ, ಈ ಹುಡುಗಿ ಒಬ್ಬಳೇ, ಯಾರ ಒತ್ತಾಯವೂ ಇಲ್ಲದೆ, ಓಡಿ ಓಡಿ ಬಾಗಿ ನಿಂತು ಏದುಸಿರು ಬಿಡುತ್ತಿದ್ದಳು. ಅವರು ಗಾಡಿ ನಿಲ್ಲಿಸಿ ಹೊಗಳಲಿಲ್ಲ; ಆಮೇಲೆ ಒಂದು ಚೀಟಿ ಬರೆದು ಕಳಿಸಿದರು. ಯಾರೂ ನೋಡದಿರುವಾಗ ಬಳಲಿಕೆಯ ಅಂಚಿನ ತನಕ ದುಡಿಯುವವರೇ ನಿಜವಾದ ವಿಜೇತರೆಂಬುದು ಅದರ ಭಾವ. ಅವರ ಜೀವನಚರಿತ್ರೆಯೊಂದು 2006ರಲ್ಲಿ ಪ್ರಕಟವಾದಾಗ ಅದರ ಲೇಖಕ ಟಿಮ್ ಕ್ರದರ್ಸ್ ಇಟ್ಟ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ, 'ನೋಡುತ್ತಿರುವ ಮನುಷ್ಯ'. ಅಧ್ಯಾಪಕನಿಗೆ ಇದಕ್ಕಿಂತ ಒಳ್ಳೆಯ ಬಿರುದು ಬೇಡ. ಪಾಠ ಹೇಳುವುದು ಅರ್ಧ ಕೆಲಸ. ಶಿಷ್ಯನು ಏಕಾಂತದಲ್ಲಿ ಮಾಡುವ ಸಾಧನೆ ತನ್ನ ಗುರುವಿನ ಕಣ್ಣಿಗೆ ಬಿದ್ದಿದೆಯೆಂದು ಅವನಿಗೆ ತಿಳಿಯುವಂತೆ ಮಾಡುವುದು ಉಳಿದರ್ಧ.

ಆದರೆ ನೋಡುವುದಕ್ಕೂ ಒಂದು ಎಲ್ಲೆಯುಂಟು. ಈ ಕಥೆಯ ಕತ್ತಲೆಯ ಭಾಗವನ್ನು ಮರೆಸಿ ಬರೆದರೆ ಅದು ಸ್ತೋತ್ರವಾದೀತೇ ಹೊರತು ವಿಮರ್ಶೆಯಾಗದು. 1998ರಲ್ಲಿ ತಂಡದ ಇಬ್ಬರು ಮಾಜಿ ಆಟಗಾರ್ತಿಯರು ಡಾರೆನ್ಸ್ ಅವರ ಮೇಲೂ ವಿಶ್ವವಿದ್ಯಾಲಯದ ಮೇಲೂ ನ್ಯಾಯಾಲಯಕ್ಕೆ ಹೋದರು. ತಂಡದಲ್ಲಿ ಹುಡುಗಿಯರ ಖಾಸಗಿ ಬದುಕನ್ನು, ಅವರ ಪ್ರಣಯದ ವಿಚಾರಗಳನ್ನು ಕುರಿತು ಗುರುಗಳೇ ಕೆದಕಿ ಕೇಳುತ್ತಿದ್ದರು, ಅಂಥ ಮಾತುಗಳಲ್ಲಿ ತಾವೂ ಸೇರುತ್ತಿದ್ದರು, ಅದು ಲೈಂಗಿಕ ಕಿರುಕುಳ ಎಂಬುದು ದೂರಿನ ಸಾರ. ಕಿರುಕುಳದ ಆರೋಪವನ್ನು ಅವರು ನಿರಾಕರಿಸಿದರು. ಒಬ್ಬರ ಮೊಕದ್ದಮೆ 2004ರಲ್ಲಿ ರಾಜಿಯಾಯಿತು. ಇನ್ನೊಬ್ಬರ ದೂರು ಕೆಳಗಿನ ನ್ಯಾಯಾಲಯದಲ್ಲಿ ಬಿದ್ದುಹೋದರೂ, ಅದು ವಿಚಾರಣೆಗೆ ಅರ್ಹವೆಂದು 2007ರಲ್ಲಿ ಮೇಲ್ಮನವಿಯ ನ್ಯಾಯಾಲಯ ಹೇಳಿತು. 2008ರಲ್ಲಿ 3,85,000 ಡಾಲರುಗಳಿಗೆ ಅದೂ ರಾಜಿಯಲ್ಲಿ ಮುಗಿಯಿತು. ಆಡಬಾರದ ಮಾತುಗಳಲ್ಲಿ ಪಾಲುಗೊಂಡುದಕ್ಕೆ ಅವರು ಲಿಖಿತವಾಗಿ ಕ್ಷಮೆ ಕೇಳಿದರು. ಅವರ ಹುದ್ದೆ ಉಳಿಯಿತು. ಅದೇ 2008ರಲ್ಲಿ ದೇಶದ ಕಾಲ್ಚೆಂಡು ಕೀರ್ತಿಮಂದಿರದಲ್ಲಿ ಅವರಿಗೆ ಸ್ಥಾನವೂ ದೊರೆಯಿತು. ಅವರ ಅನೇಕ ಶಿಷ್ಯೆಯರು ಅವರ ಬೆಂಬಲಕ್ಕೆ ನಿಂತರು.

ಈ ಸಂಗತಿಯನ್ನು ಗೆಲುವುಗಳ ರಾಶಿಯ ಕೆಳಗೆ ಹೂತುಬಿಡಬಹುದೆಂದು ನಾನು ಎಣಿಸುವುದಿಲ್ಲ. 'ಅಷ್ಟು ಜನರಿಗೆ ಒಳ್ಳೆಯದಾಯಿತಲ್ಲ, ಇಬ್ಬರಿಗೆ ನೋವಾದರೆ ಏನು?' ಎಂಬ ಗಣಿತ ಅಂಗಡಿಯ ಗಣಿತ, ಗುರುಕುಲದ್ದಲ್ಲ. ಮಹಾಭಾರತದ ದ್ರೋಣನನ್ನು ನೆನೆಯೋಣ. ನಮ್ಮ ಪರಂಪರೆಗೆ ಗೊತ್ತಿರುವ ಅತ್ಯಂತ ಯಶಸ್ವಿಯಾದ ತರಬೇತುದಾರನೆಂದರೆ ಅವನೇ. ಹಕ್ಕಿಯ ಕಣ್ಣೊಂದನ್ನೇ ಕಾಣಬಲ್ಲ ಅರ್ಜುನನನ್ನು ತಯಾರು ಮಾಡಿದವನು. ಆದರೂ ದ್ರೋಣನ ಹೆಸರನ್ನೆತ್ತಿದೊಡನೆ ನಮಗೆ ನೆನಪಾಗುವುದು ಅರ್ಜುನನ ಬಾಣವಲ್ಲ, ಏಕಲವ್ಯನ ಹೆಬ್ಬೆರಳು. ಕಥೆ ಕಟ್ಟಿದ ಜನಕ್ಕೆ ನ್ಯಾಯ ಎಲ್ಲಿದೆಯೆಂಬುದು ಗೊತ್ತಿತ್ತು: ನೂರೈದು ಶಿಷ್ಯರ ವಿದ್ಯೆಯೂ ಒಬ್ಬನ ಬೆರಳನ್ನು ಮರಳಿ ಅಂಟಿಸಲಾರದು. ಗುರುವಿನ ಮಾತಿಗೆ ಶಿಷ್ಯರು 'ಇಲ್ಲ' ಎನ್ನಲಾರರು. ತಂಡದಲ್ಲಿ ಯಾರು ಆಡಬೇಕು, ಯಾರು ಅಂಚಿನ ಬೆಂಚಿನಲ್ಲಿ ಕುಳಿತಿರಬೇಕು ಎಂಬುದು ಅವನ ಕೈಯಲ್ಲಿರುತ್ತದೆ. ಅಧಿಕಾರ ಇರುವ ಕಡೆ ಸಲಿಗೆ ಎಂಬುದು ಎಂದೂ ಸಮಾನರ ಸಲಿಗೆಯಲ್ಲ. ಶಿಷ್ಯರ ಅಂತರಂಗವನ್ನು ಅರಿಯಬೇಕೆಂಬ ಹಂಬಲ ಒಳ್ಳೆಯ ಗುರುವಿಗೆ ಇದ್ದೇ ಇರುತ್ತದೆ. ಆದರೆ ಆ ಬಾಗಿಲನ್ನು ಒಳಗಿನಿಂದ ಅವರು ತೆರೆಯಬೇಕು. ಹೊರಗಿನಿಂದ ನಾವು ತಳ್ಳಕೂಡದು. ಸಾಮೀಪ್ಯದಿಂದ ಕಲಿಸುವ ಗುರುವಿಗೆ ಈ ಎಚ್ಚರ ಹೆಚ್ಚಾಗಿ ಬೇಕು. ದೂರದಿಂದ ಗೊಣಗುವ ಮೇಷ್ಟ್ರಿಗೆ ಆ ಅಪಾಯವೇ ಬರುವುದಿಲ್ಲ. ಬಯಲಿನಲ್ಲಿಯೂ ತರಗತಿಯಲ್ಲಿಯೂ ಪಾಠ ಹೇಳುವ ನಾವೆಲ್ಲರೂ ಈ ಅಧ್ಯಾಯವನ್ನು ಎರಡು ಸಲ ಓದಬೇಕು.

2012ರ ಬಳಿಕ ಬರಗಾಲ ಬಂದಿತು. 2018ರಲ್ಲಿ ಅಂತಿಮ ಪಂದ್ಯಕ್ಕೆ ಹೋಗಿ ಫ್ಲಾರಿಡಾ ಸ್ಟೇಟ್ ತಂಡಕ್ಕೆ ಸೋತರು. 2019ರಲ್ಲಿ ಮತ್ತೆ ಅಂತಿಮ ಪಂದ್ಯ. ಗೋಲಿಲ್ಲದ ಸಮಬಲದ ಅನಂತರ ಪೆನಾಲ್ಟಿ ಹೊಡೆತಗಳಲ್ಲಿ ಸ್ಟ್ಯಾನ್‌ಫರ್ಡ್‌ಗೆ ಸೋಲು. 2022ರಲ್ಲಿ 2–0ರಿಂದ ಮುಂದಿದ್ದವರು ಕಡೆಗೆ 3–2ರಿಂದ ಕ್ಯಾಲಿಫೋರ್ನಿಯಾದ ಯು.ಸಿ.ಎಲ್.ಎ. ತಂಡಕ್ಕೆ ಪಂದ್ಯವನ್ನು ಬಿಟ್ಟುಕೊಟ್ಟರು. ಹನ್ನೊಂದು ಋತುಗಳು ಒಂದು ಪ್ರಶಸ್ತಿಯೂ ಬರಲಿಲ್ಲ. ಕೀರ್ತಿಯ ಶಿಖರದಲ್ಲಿ ನಿವೃತ್ತರಾಗುವುದು ಜಾಣತನವೆಂದು ಲೋಕ ಹೇಳುತ್ತದೆ. 2012ರಲ್ಲಿ ಅವರಿಗೆ ವಯಸ್ಸು 61. ಆಗ ಬಿಟ್ಟಿದ್ದರೆ ಕಥೆ ಅಂದವಾಗಿ ಮುಗಿಯುತ್ತಿತ್ತು. 2019ರಲ್ಲಿ ವಿಶ್ವವಿದ್ಯಾಲಯ ಹೊಸದಾಗಿ ಕಟ್ಟಿಸಿದ ಬಯಲಿಗೆ ಅವರ ಹೆಸರನ್ನೇ ಇಟ್ಟಿತು, ಆಗಲಾದರೂ ಬಿಡಬಹುದಿತ್ತು. ತಮ್ಮದೇ ಹೆಸರಿನ ಬಯಲಿನಲ್ಲಿ, ಪ್ರಶಸ್ತಿಯಿಲ್ಲದೆ, ಅವರು ಮುಂದಿನ ವರ್ಷಗಳನ್ನೂ ಕಲಿಸಿದರು. ಇಪ್ಪತ್ತೆರಡು ಪ್ರಶಸ್ತಿಗಳಿಗಿಂತ ಈ ಹನ್ನೊಂದು ಬರಿದಾದ ವರ್ಷಗಳೇ ಅವರ ಬಗ್ಗೆ ಹೆಚ್ಚು ಹೇಳುತ್ತವೆಂದು ನನ್ನ ಎಣಿಕೆ. ಗೆಲುವಿಗಾಗಿಯೇ ಕಲಿಸುವವನಿಗೆ ಸೋಲಿನ ವರ್ಷ ನಷ್ಟದ ವರ್ಷ. ಕಲಿಸುವುದಕ್ಕಾಗಿ ಕಲಿಸುವವನಿಗೆ ಅದೂ ಒಂದು ವರ್ಷ.

2024ರ ಆಗಸ್ಟಿನಲ್ಲಿ, ಹೊಸ ಋತು ತೊಡಗಲು ಕೆಲವೇ ದಿನಗಳಿರುವಾಗ, ಅವರು ನಿವೃತ್ತಿಯನ್ನು ಪ್ರಕಟಿಸಿದರು. ಬಹುಕಾಲದ ಸಹಾಯಕರಾಗಿದ್ದ ಡೇಮನ್ ನಹಾಸ್ ಅವರಿಗೆ ತಾತ್ಕಾಲಿಕವಾಗಿ ತಂಡವನ್ನು ಒಪ್ಪಿಸಲಾಯಿತು. ದೊಡ್ಡ ಮರ ಉರುಳಿದ ಮೇಲೆ ಅದರ ನೆರಳಿನಲ್ಲಿದ್ದ ಗಿಡಗಳು ಬಾಡುವುದು ಲೋಕರೂಢಿ. ಇಲ್ಲಿ ನಡೆದದ್ದು ಬೇರೆ. ಅದೇ ವರ್ಷದ ಡಿಸೆಂಬರಿನಲ್ಲಿ ಆ ತಂಡ ಅಂತಿಮ ಪಂದ್ಯದಲ್ಲಿ ವೇಕ್ ಫಾರೆಸ್ಟ್ ತಂಡವನ್ನು 1–0ರಿಂದ ಸೋಲಿಸಿ, ಹನ್ನೆರಡು ವರ್ಷಗಳ ಮೇಲೆ ಮತ್ತೆ ರಾಷ್ಟ್ರಪ್ರಶಸ್ತಿಯನ್ನು ಗೆದ್ದಿತು. ಈ ಪ್ರಶಸ್ತಿ ಡಾರೆನ್ಸ್ ಅವರ ಲೆಕ್ಕಕ್ಕೆ ಸೇರುವುದಿಲ್ಲ, ಸೇರಲೂಬಾರದು. ಅದು ಹೊಸ ಗುರುವಿನದು, ಆ ಹುಡುಗಿಯರದು. ಆದರೆ ಗುರುವಿಲ್ಲದೆಯೂ ಶಿಷ್ಯರು ಗೆಲ್ಲುವಂತಾಗುವುದಲ್ಲವೆ ಶಿಕ್ಷಣದ ಗುರಿ? ತಾನು ಬೇಡವಾಗುವಂತೆ ಕೆಲಸ ಮಾಡುವುದು ಈ ಕಸುಬಿನ ವಿಚಿತ್ರವಾದ ಧರ್ಮ.

ಇನ್ನು ನಮ್ಮ ಮಾತು. ಅಮೆರಿಕದ ಕಾಲೇಜುಗಳಲ್ಲಿ ಆಟಕ್ಕೆ ಸುರಿಯುವ ಹಣವನ್ನಾಗಲಿ, ಅದರ ಜೊತೆಗೆ ಬರುವ ಗೆಲುವಿನ ಹುಚ್ಚನ್ನಾಗಲಿ ನಾವು ತರಬೇಕೆಂದು ನಾನು ಹೇಳುತ್ತಿಲ್ಲ. ನಮಗೆ ಬೇಕಾದದ್ದು ಹಣಕ್ಕಿಂತ ಮೊದಲು ಒಂದು ದೃಷ್ಟಿ. ಆಟವೂ ವಿದ್ಯೆಯೆಂದು ತಿಳಿಯುವ ದೃಷ್ಟಿ. ಅದನ್ನು ಕಲಿಸುವವರು ವಿದ್ವಾಂಸರ ಪಂಕ್ತಿಗೆ ಸೇರಿದವರೆಂದು ಒಪ್ಪುವ ದೃಷ್ಟಿ. ಬಯಲಿನ ಅಂಚಿನಲ್ಲಿ ನಿಂತು ನೋಡುತ್ತಿರುವ ಹುಡುಗಿಯರನ್ನು ಒಳಕ್ಕೆ ಕರೆದು, 'ನಿಮ್ಮ ಓಟವೂ ಬರೆದಿಡತಕ್ಕದ್ದೇ' ಎನ್ನುವ ದೃಷ್ಟಿ. ಇವುಗಳ ಜೊತೆಗೆ, ಎಷ್ಟೇ ಪ್ರಶಸ್ತಿಗಳನ್ನು ತಂದ ಗುರುವನ್ನಾದರೂ ಪ್ರಶ್ನಿಸುವ ಹಕ್ಕು ಅತ್ಯಂತ ಕಿರಿಯ ಶಿಷ್ಯೆಗೂ ಉಂಟೆಂಬ ನಂಬಿಕೆ. ಒಳ್ಳೆಯ ಬಯಲಿಗೆ ಗೆರೆಗಳೂ ಬೇಕು. ಗೆರೆಯಿಲ್ಲದ ಕಡೆ ಆಟವೇ ಇಲ್ಲ. ಆ ಗೆರೆಗಳು ಆಡುವವರಿಗೆ ಮಾತ್ರವಲ್ಲ, ಆಡಿಸುವವರಿಗೂ ಸಲ್ಲತಕ್ಕವು.

ಮಕ್ಕಳ ಗಾದೆಯನ್ನು ನಾವು ಹಿರಿಯರು ಸ್ವಲ್ಪ ತಿದ್ದಿಕೊಳ್ಳೋಣ. ಕಲಿಯಲು ಬಂದವರು ಯಾರೇ ಆಗಲಿ, ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು. ಗೆದ್ದವರಂತೆಯೇ ನೊಂದವರೂ ಲೆಕ್ಕಕ್ಕುಂಟು.